ಒಬ್ಬರೇ ಆದರೆ ಕಿಟಕಿ ಪಕ್ಕ ಕೂರಬಾರದೇ?

ಮಾನ್ಯರೇ,

ನನಗೆ 41 ವರ್ಷ, ಮದುವೆಯಾಗಿಲ್ಲ. ಊರು ಮಂಡ್ಯದ ಹತ್ತಿರ. ಕೆಲಸಕ್ಕೆ ಅಂತ ಬಂದವಳು ಮೈಸೂರಿನ ಸರಸ್ವತಿಪುರಂನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಒಬ್ಬಳೇ ಇದ್ದೇನೆ. ಹೋದ ಭಾನುವಾರ ನಡೆದ ಒಂದು ಸಣ್ಣ ವಿಷಯ ಮನಸ್ಸಿನಿಂದ ಹೋಗುತ್ತಿಲ್ಲ, ಅದಕ್ಕೇ ಈ ಪತ್ರ.

ಬೆಳಿಗ್ಗೆ ಒಂದು ಹೋಟೆಲಿಗೆ ಹೋಗಿ ಕಿಟಕಿ ಪಕ್ಕದ ಟೇಬಲ್‌ನಲ್ಲಿ ಕುಳಿತು ಮಸಾಲೆ ದೋಸೆ ಹೇಳಿದ್ದೆ. ದೋಸೆ ಬರುವ ಮೊದಲೇ ಸಪ್ಲೈಯರ್ ಬಂದು, "ಮೇಡಂ, ಒಬ್ಬರೇ ಅಲ್ವಾ, ಸ್ವಲ್ಪ ಆ ಕಡೆ ಬನ್ನಿ, ಫ್ಯಾಮಿಲಿ ಬಂದಿದ್ದಾರೆ" ಎಂದರು. ಆ ಕಡೆ ಅಂದರೆ ಕೈ ತೊಳೆಯುವ ಜಾಗದ ಪಕ್ಕ. ಎದ್ದು ಹೋದೆ. ಜಾಗ ಹಂಚಿಕೊಳ್ಳಿ ಅಂದಿದ್ದರೆ ಸಂತೋಷವಾಗಿ ಸರಿದು ಕೂರುತ್ತಿದ್ದೆ. ಬೇಜಾರಾಗಿದ್ದು 'ಒಬ್ಬರೇ ಅಲ್ವಾ' ಅನ್ನುವ ಮಾತಿಗೆ.

ಯಾಕೆಂದರೆ ಆ ಮಾತನ್ನು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡಿದ್ದೇನೆ. ಒಬ್ಬಳಿಗೆ ಯಾಕೆ ಸಾರು, ಮೊಸರನ್ನ ಸಾಕು. ಒಬ್ಬಳಿಗೆ ಯಾಕೆ ಹೊಸ ರಗ್ಗು. ನನ್ನ ಮದುವೆಗೆ ಅಂತ ಅಮ್ಮ ಒಂದೊಂದೇ ಪಾತ್ರೆ ಕೂಡಿಟ್ಟಿದ್ದರು, ಅದರಲ್ಲಿ ಒಂದು ಹಿತ್ತಾಳೆ ಕಾಫಿ ಫಿಲ್ಟರ್ ಇತ್ತು, 16 ವರ್ಷ ಅದು ಬೀರುವಿನ ಮೇಲೆ ರಟ್ಟಿನ ಡಬ್ಬದಲ್ಲೇ ಕುಳಿತಿತ್ತು, ಕೆಳಗೆ ನಾನು ದಿನಾ ಇನ್‌ಸ್ಟಂಟ್ ಪುಡಿ ಕಲಸಿಕೊಂಡು ಕುಡಿಯುತ್ತಿದ್ದೆ. ಅಮ್ಮ ತೀರಿಕೊಂಡ ಮೇಲೆ ಒಂದು ದಿನ ಇಳಿಸಿದೆ. ಹುಣಸೆಹಣ್ಣು ಹಾಕಿ ಉಜ್ಜಿದಾಗ ನನ್ನ ಹೆಸರು ಕಾಣಿಸಿತು. ಪಕ್ಕದಲ್ಲಿ ಇನ್ನೊಂದು ಹೆಸರು ಹಿಡಿಸುವಷ್ಟು ಜಾಗ ಖಾಲಿ ಬಿಡಿಸಿದ್ದರು. ತುಂಬಾ ಹೊತ್ತು ಅತ್ತೆ. ಆಮೇಲೆ ಎದ್ದು ಪುಡಿ ಹಾಕಿ, ಮೆತ್ತಗೆ ಒತ್ತಿ, ಕುದಿಯುವ ನೀರು ಹುಯ್ದು ಕಾದೆ. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಇಳಿಯುವ ಆ ಕಾಲು ಗಂಟೆ ಈಗ ನನ್ನ ದಿನದ ಅತಿ ಒಳ್ಳೆಯ ಹೊತ್ತು.

ಅಲ್ಲಿಂದ ಒಂದೊಂದೇ ಶುರುವಾಯಿತು. ಶುಕ್ರವಾರ ಸಂಜೆ ದೇವರಾಜ ಮಾರುಕಟ್ಟೆಗೆ ಹೋಗಿ ಎರಡು ಮೊಳ ಮೈಸೂರು ಮಲ್ಲಿಗೆ ತರುತ್ತೇನೆ. ಹೆಸರು ಮೈಸೂರಿನದಾದರೂ ನಮ್ಮ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಕಡೆಯೂ ಬೆಳೆಯುತ್ತಾರೆ, ಅದಕ್ಕೆ ನನಗೆ ಅದರ ಮೇಲೆ ಪ್ರೀತಿ ಸ್ವಲ್ಪ ಜಾಸ್ತಿ. ಮೊದಲೆಲ್ಲ ದೇವರಿಗೆ ಮಾತ್ರ ತರುತ್ತಿದ್ದೆ. ಈಗ ಒಂದು ಮೊಳ ದೇವರಿಗೆ, ಒಂದು ಮೊಳ ನನ್ನ ಜಡೆಗೆ. "ಏನಮ್ಮಾ ವಿಶೇಷ?" ಅಂತ ಹೂ ಮಾರುವ ಅಜ್ಜಿ ಕೇಳುತ್ತಾರೆ. ಏನೂ ಇಲ್ಲ ಅಜ್ಜಿ, ಸುಮ್ನೆ ಅನ್ನುತ್ತೇನೆ.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತೇನೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಹೆಜ್ಜಾರ್ಲೆ ಹಕ್ಕಿಗಳನ್ನು ನೋಡುತ್ತಾ ಎಷ್ಟು ಹೊತ್ತು ನಿಂತರೂ ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಭಾನುವಾರ ಸಂಜೆ 7ಕ್ಕೆ ಅರಮನೆಯ ಸುಮಾರು 1 ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಂಡಾಗ ಜನರೆಲ್ಲ 'ಓ' ಅನ್ನುತ್ತಾರೆ, ಆ ದನಿಯಲ್ಲಿ ನನ್ನದೂ ಇರುತ್ತದೆ.

ಇದು ದುಂದುವೆಚ್ಚ ಅನ್ನುವ ನೆಂಟರಿದ್ದಾರೆ. ಎರಡು ಮೊಳ ಹೂವಿಗೆ ಯಾರ ಮನೆಯೂ ಮುಳುಗುವುದಿಲ್ಲ. ನನಗೆ ಸಂಕಟವಾಗುವುದು ನಮ್ಮ ಆಫೀಸಿನ ಹುಡುಗಿಯರನ್ನು ನೋಡಿದಾಗ. ಸ್ವಂತ ಸಂಬಳದಲ್ಲಿ ಒಂದು ಮೈಸೂರು ಸಿಲ್ಕ್ ಸೀರೆ ತೆಗೆದುಕೊಳ್ಳಲು ಆಸೆ, ಆದರೆ "ಮದುವೆಗೇ ತೆಗೆದರಾಯ್ತು ಬಿಡಿ ಅಕ್ಕಾ" ಅನ್ನುತ್ತಾರೆ. ಗಂಡುಮಕ್ಕಳೂ ಅಷ್ಟೇ, ರೂಮಿನಲ್ಲಿ ಒಂದು ಒಳ್ಳೆಯ ದಿಂಬೂ ಇಟ್ಟುಕೊಂಡಿರುವುದಿಲ್ಲ. ತಗೊಳ್ಳಿ ಕಣ್ರಪ್ಪಾ, ಈಗಲೇ ತಗೊಳ್ಳಿ.

ಅಂಗಡಿ, ಹೋಟೆಲಿನವರಲ್ಲಿ ಒಂದು ಮನವಿ. ಒಬ್ಬರೇ ಬಂದವರಿಗೂ ಬೆಳಕಿರುವ ಕಡೆ ಎರಡು ಸಣ್ಣ ಟೇಬಲ್ ಹಾಕಿ. ಮೈಸೂರು ಪಾಕ್ 100 ಗ್ರಾಂ ಕೇಳಿದರೆ "ಕಾಲು ಕೆಜಿಗಿಂತ ಕಮ್ಮಿ ಇಲ್ಲ" ಅನ್ನಬೇಡಿ, ತೂಕ ಮಾಡಿ ಕೊಡಿ.

ಬರುವ ಭಾನುವಾರ ಅದೇ ಹೋಟೆಲಿಗೆ ಹೋಗುತ್ತೇನೆ, ಅದೇ ಕಿಟಕಿ ಪಕ್ಕ ಕೂರುತ್ತೇನೆ. ಯಾರಾದರೂ ಜಾಗ ಕೇಳಿದರೆ ಎದುರಿನ ಕುರ್ಚಿ ತೋರಿಸಿ, ಬನ್ನಿ ಕೂತ್ಕೊಳ್ಳಿ ಅನ್ನುತ್ತೇನೆ.

ಇಂತಿ,
ನಿಮ್ಮ ಓದುಗಿ
ಸರಸ್ವತಿಪುರಂ, ಮೈಸೂರು