ಐಡಿಯಾ ನಿನ್ನ ಫೋನಿನಲ್ಲೇ ಇದೆ, ಪುಟ್ಟಿ

ಪ್ರೀತಿಯ ಪುಟ್ಟಿ,

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಏನೋ ಒಂದು ಹೇಳಿಬಿಟ್ಟೆ. ಫೋನ್ ಇಟ್ಟಮೇಲೆ ಸಮಾಧಾನ ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

"ಮಾವ, ಗೂಗಲ್ ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಹಾಕಬೇಕು. ಒಬ್ಬರು ಒಳ್ಳೆ ಮೆಂಟರ್ ಹುಡುಕಿಕೊಡ್ತೀರಾ? ಒಂದು ಐಡಿಯಾನೂ ಹೇಳ್ತೀರಾ?" ಅಂತ ಕೇಳಿದೆ. ಬೇಸಿಗೆಯಲ್ಲಿ ಗೂಗಲ್ ದುಡ್ಡು ಕೊಟ್ಟು, ಓಪನ್ ಸೋರ್ಸ್ ಸಂಸ್ಥೆಗಳಲ್ಲಿ, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟ ಕಡೆ, ಹೊಸಬರಿಂದ ಕೆಲಸ ಮಾಡಿಸುವ ಕಾರ್ಯಕ್ರಮ ಅದು. ಅಲ್ಲಿ ದಾರಿ ತೋರಿಸುವ ಅನುಭವಿಗಳೇ ಮೆಂಟರ್. ಎರಡನ್ನೂ ಕೊಡುವುದು ನನಗೆ ಕಷ್ಟವಲ್ಲ. ಆದರೆ ನಾನು ಕೊಟ್ಟ ಐಡಿಯಾ ಎರಡನೇ ವಾರಕ್ಕೇ ನಿನಗೆ ಬೇಸರ ತರುತ್ತದೆ. ನಾನು ಹೇಳಿದ್ದಕ್ಕೆ ಒಪ್ಪಿಕೊಂಡ ಮೆಂಟರ್‌ಗೆ ನಿನ್ನ ಮುಖವೇ ಗೊತ್ತಿರುವುದಿಲ್ಲ. ನಾನೂ ನಿನ್ನ ಹಾಗೇ ಶುರು ಮಾಡಿದವನು, ಅದಕ್ಕೆ ಹೇಳುತ್ತಿದ್ದೇನೆ.

2012ರಲ್ಲಿ ಏಳನೇ ಸೆಮಿಸ್ಟರ್‌ನಲ್ಲಿದ್ದಾಗ ಹದಿನಾಲ್ಕು ಕಡೆಗೆ ಒಂದೇ ಪತ್ರ ಕಳಿಸಿದ್ದೆ. ಹೆಸರು ಮಾತ್ರ ಬದಲಾಯಿಸಿದ್ದೆ. 'ನನಗೆ ಸಿ, ಜಾವಾ ಬರುತ್ತದೆ, ಕಲಿಯುವ ಆಸೆ ಇದೆ, ದಯವಿಟ್ಟು ಪ್ರಾಜೆಕ್ಟ್ ಕೊಡಿ' ಅಂತ. ಒಬ್ಬರೂ ಉತ್ತರ ಬರೆಯಲಿಲ್ಲ. ಆಗ ತುಂಬಾ ನೊಂದುಕೊಂಡಿದ್ದೆ. ಈಗ ನಾನೇ ಮೆಂಟರ್ ಆಗಿ ಅಂಥ ಪತ್ರ ಓದುವಾಗ ಕಾರಣ ಗೊತ್ತಾಗುತ್ತದೆ. ಆ ಪತ್ರದಲ್ಲಿ ಉತ್ತರ ಕೊಡುವುದಕ್ಕೆ ಏನೂ ಇರಲಿಲ್ಲ.

ಬಾಗಿಲು ತೆರೆದದ್ದು ನಿನ್ನ ತಾತನಿಂದ. ನಿವೃತ್ತರಾದಮೇಲೆ ಅವರು ಒಂದು ಆ್ಯಪ್‌ನಲ್ಲಿ ಕನ್ನಡ ಲೇಖನ ಓದುತ್ತಿದ್ದರು. ಒಂದು ಸಂಜೆ ಕರೆದು ಫೋನ್ ತೋರಿಸಿದರು. "ಇದೇನೋ ಇದು, ಅಕ್ಷರಾನೇ ಅರ್ಧಕ್ಕೆ ಬಿಟ್ಟಿದ್ದಾರಲ್ಲ?" ತಲೆಬರಹದ ಕೊನೆಯಲ್ಲಿ 'ಸ್ತ್ರೀ' ಇರಬೇಕಾದ ಕಡೆ 'ಸ್ತ್' ಅಂತ ಬಂದು ಮೂರು ಚುಕ್ಕೆ ಬಿದ್ದಿತ್ತು. ಮೇಷ್ಟ್ರಾಗಿದ್ದವರು, ಅವರಿಗೆ ಅದು ತಡೆಯದು. ಆ್ಯಪ್‌ನ ಕೋಡ್ ಎಲ್ಲರಿಗೂ ತೆರೆದಿತ್ತು. ರಾತ್ರಿ ಕೂತು ನೋಡಿದೆ. ಉದ್ದದ ತಲೆಬರಹವನ್ನು ಇಷ್ಟು ಅಕ್ಷರಕ್ಕೆ ಕತ್ತರಿಸು ಅಂತ ಒಂದು ಸಾಲು ಇತ್ತು. ನಮಗೆ 'ಸ್ತ್ರೀ' ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಪದ್ಧತಿಯಲ್ಲಿ, ಅದು 6 ಸಂಕೇತ: ಸ, ವಿರಾಮ (ಸ್ವರ ತೆಗೆಯುವ ಚಿಹ್ನೆ), ತ, ವಿರಾಮ, ರ, ಈ ಸ್ವರಚಿಹ್ನೆ. ಕೋಡ್ ಸಂಕೇತಗಳನ್ನು ಎಣಿಸುತ್ತಿತ್ತು, ನಾಲ್ಕನೆಯದು ಆದಮೇಲೆ ಕತ್ತರಿ ಬಿದ್ದಿತ್ತು.

ಸ್ಕ್ರೀನ್‌ಶಾಟ್ ತೆಗೆದು, ಯಾವ ಕಡತದ ಎಷ್ಟನೇ ಸಾಲು ಅಂತ ಸೇರಿಸಿ, ಬಗ್ ವರದಿ ಹಾಕಿದೆ. ಹತ್ತು ಸಾಲೂ ಇರಲಿಲ್ಲ. ನಾಲ್ಕು ದಿನಕ್ಕೆ ಆ ಕೋಡ್ ನೋಡಿಕೊಳ್ಳುವ ಒಬ್ಬರಿಂದ ಉತ್ತರ ಬಂತು. 'ಒಳ್ಳೆ ವರದಿ. ಹಿಂದಿಯಲ್ಲೂ ಹೀಗೇ ಆಗುತ್ತಾ? ನೋಡಿ ಹೇಳ್ತೀರಾ?' ನೋಡಿದೆ, ಆಗುತ್ತಿತ್ತು. ತಮಿಳು, ಎಮೋಜಿಗಳಿಗೂ ಟೆಸ್ಟ್ ಬರೆಯಲು ಹೇಳಿದರು. ಮೂರು ವಾರ ಹಿಡಿಯಿತು. ಪ್ಯಾಚ್, ಅಂದರೆ ಕೋಡ್‌ಗೆ ನಾನು ಮಾಡಿದ ತಿದ್ದುಪಡಿ, ಒಳಗೆ ಸೇರಿದ ದಿನ ಅವರೇ ಬರೆದರು: 'ಮುಂದಿನ ವರ್ಷದ ಸಮ್ಮರ್ ಆಫ್ ಕೋಡ್‌ಗೆ ಅರ್ಜಿ ಹಾಕು. ನಾನು ನೋಡಿಕೊಳ್ಳುತ್ತೇನೆ.' ಐಡಿಯಾ, ಮೆಂಟರ್ ಎರಡೂ ಒಂದೇ ಕಡೆಯಿಂದ ಬಂದವು. ನಾನು ಹುಡುಕುತ್ತಿದ್ದಾಗ ಬರಲಿಲ್ಲ, ತಾತನ ತಲೆಬರಹ ಸರಿ ಮಾಡುವಾಗ ಬಂದವು.

ಹಾಗಾಗಿ ಮೊದಲು ಸಂಸ್ಥೆಗಳ ಪಟ್ಟಿ ತೆರೆದುಕೊಂಡು ಕೂರಬೇಡ. ಆ ಪಟ್ಟಿ ಬರುವುದೇ ಸಾಮಾನ್ಯವಾಗಿ ಫೆಬ್ರವರಿ ಕೊನೆಗೆ. ಅರ್ಜಿ ಮುಗಿಯುವುದು ಏಪ್ರಿಲ್ ಹೊತ್ತಿಗೆ. ಅಷ್ಟರಲ್ಲಿ ಹೊಸ ಜನರ ಪರಿಚಯ ಮಾಡಿಕೊಂಡು, ಅವರ ಕೋಡ್ ಅರ್ಥ ಮಾಡಿಕೊಂಡು, ಅರ್ಜಿ ಬರೆಯುವುದು ಅಂದರೆ ಉಸಿರು ಬಿಡಲು ಬಿಡುವಿರುವುದಿಲ್ಲ. ಈಗಲೇ, ನೀನು ದಿನಾ ಮುಟ್ಟುವ ಸಾಫ್ಟ್‌ವೇರ್‌ನಿಂದ ಶುರು ಮಾಡು. ಲಿಬ್ರೆ ಆಫೀಸ್‌ನಲ್ಲಿ ನಿನ್ನ ಸೆಮಿನಾರ್ ವರದಿಯನ್ನು ಕನ್ನಡದಲ್ಲಿ ಟೈಪ್ ಮಾಡಿ ನೋಡು. ಕಾಗುಣಿತ ಪರೀಕ್ಷೆ ಎಲ್ಲಿ ಎಡವುತ್ತದೆ? ಅಕ್ಕನ ಬೀರುವಿನಲ್ಲಿರುವ ಒಂದು ಹಳೇ ಪುಸ್ತಕದ ಹತ್ತು ಪುಟ ಸ್ಕ್ಯಾನ್ ಮಾಡಿ ಟೆಸರಾಕ್ಟ್‌ಗೆ ಕೊಡು. ಅದು ಚಿತ್ರದಿಂದ ಅಕ್ಷರ ಓದುವ ಓಪನ್ ಸೋರ್ಸ್ ತಂತ್ರಾಂಶ, ಕನ್ನಡವನ್ನೂ ಓದುತ್ತದೆ. ದ, ಧ, ಥ ಅದಲು ಬದಲು ಆಗುತ್ತಾ? ಒತ್ತಕ್ಷರ ಬಿಟ್ಟುಹೋಗುತ್ತಾ? ಅರ್ಕಾವತ್ತು ಏನಾಗುತ್ತದೆ? ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೋ. ಇಂಥ ತಪ್ಪನ್ನು ಕನ್ನಡ ಓದುವವರ ಕಣ್ಣು ಮಾತ್ರ ಹಿಡಿಯುತ್ತದೆ. ಬೇರೆ ದೇಶದ ಎಷ್ಟೇ ಜಾಣ ಪ್ರೋಗ್ರಾಮರ್‌ಗೂ ಅದು ಕಾಣುವುದಿಲ್ಲ. ನಿನ್ನ ಕೈಯಲ್ಲಿರುವ ದೊಡ್ಡ ಆಸ್ತಿ ಅದು.

ಕನ್ನಡದ್ದೇ ಆಗಬೇಕು ಅಂತಲೂ ಇಲ್ಲ. ನಿನಗೆ ನಕ್ಷೆ ಇಷ್ಟ, ಗಣಿತ ಇಷ್ಟ ಅಂದರೆ ಅಲ್ಲೇ ಹುಡುಕು. ಆದರೆ ಭಾಷೆಯ ಕೆಲಸ ಅಂದರೆ ಸಣ್ಣ ಕೆಲಸ ಅನ್ನುವ ಹಿಂಜರಿಕೆ ಬೇಡ. ನಮ್ಮ ಪಕ್ಕದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ 2007ರಲ್ಲೇ ಈ ಕಾರ್ಯಕ್ರಮದಲ್ಲಿ ಮೆಂಟರ್ ಸಂಸ್ಥೆಯಾಗಿತ್ತು. ನಮ್ಮಲ್ಲೂ ಗುಬ್ಬಿಯಂಥ ಮುಕ್ತ ಕನ್ನಡ ಫಾಂಟ್ ಮಾಡಿದವರಿದ್ದಾರೆ. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಎಷ್ಟೋ ವರ್ಷಗಳಿಂದ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದೆ.

ಇನ್ನು ಪಟ್ಟಿಯ ವಿಷಯ. ಪ್ರತಿ ಸಂಸ್ಥೆಯೂ ತನ್ನ ಐಡಿಯಾಗಳ ಪುಟ ಇಡಬೇಕು. ಕೆಲಸ ಏನು, ಮುಗಿದಾಗ ಏನು ಕೈಗೆ ಬರಬೇಕು, ಏನು ಗೊತ್ತಿರಬೇಕು, 90 ಗಂಟೆಯದ್ದಾ, 175ರದ್ದಾ, 350ರದ್ದಾ, ಮೆಂಟರ್ ಯಾರು, ಎಲ್ಲ ಅಲ್ಲಿರುತ್ತದೆ. ಎಲ್ಲರೂ ಕೆಲಸದ ಹೆಸರು ಓದುತ್ತಾರೆ. ನೀನು ಮೆಂಟರ್ ಹೆಸರು ಮೊದಲು ಓದು. ಆ ಹೆಸರಿನವರು ಕಳೆದ ಮೂರು ತಿಂಗಳಲ್ಲಿ ಆ ಕೋಡ್ ಮುಟ್ಟಿದ್ದಾರಾ? ಗಿಟ್ ಲಾಗ್ (ಕೋಡ್‌ನಲ್ಲಿ ಯಾರು ಯಾವಾಗ ಏನು ಬದಲಾಯಿಸಿದರು ಅನ್ನುವ ದಾಖಲೆ) ತೆಗೆದು ನೋಡು. ಹೊಸಬರ ಪ್ಯಾಚ್‌ಗೆ ಎಷ್ಟು ದಿನಕ್ಕೆ ಉತ್ತರ ಕೊಡುತ್ತಾರೆ? ಯಾವ ಧಾಟಿಯಲ್ಲಿ ಕೊಡುತ್ತಾರೆ? ತಪ್ಪು ತೋರಿಸುವಾಗ ಕಾರಣ ಹೇಳುತ್ತಾರಾ, ಸುಮ್ನೆ 'ಸರಿಯಿಲ್ಲ' ಅಂತ ಮುಚ್ಚಿಬಿಡುತ್ತಾರಾ? ಹತ್ತು ಹಳೇ ಚರ್ಚೆ ಓದಿದರೆ ಸಾಕು, ಆ ಮನುಷ್ಯರ ಜೊತೆ ಮೂರು ತಿಂಗಳು ಕಳೆಯಬಹುದಾ ಅಂತ ತಿಳಿದುಬಿಡುತ್ತದೆ. ನನ್ನ ಮಟ್ಟಿಗೆ, ಸಾಧಾರಣ ಐಡಿಯಾಕ್ಕೆ ಒಳ್ಳೆ ಮೆಂಟರ್ ಸಿಕ್ಕರೆ ಬೇಸಿಗೆ ಚೆನ್ನಾಗಿ ಕಳೆಯುತ್ತದೆ. ಅದ್ಭುತ ಐಡಿಯಾಕ್ಕೆ ಉತ್ತರ ಕೊಡದ ಮೆಂಟರ್ ಸಿಕ್ಕರೆ ಕಣ್ಣೀರು.

ನಿನ್ನದೇ ಸ್ವಂತ ಐಡಿಯಾ ಇದ್ದರೂ ಕೊಡಬಹುದು. ಆದರೆ ಸಂಸ್ಥೆಯೊಳಗಿನ ಒಬ್ಬರು ಅದನ್ನು ನೋಡಿಕೊಳ್ಳಲು ಒಪ್ಪಬೇಕು. ಗೂಗಲ್ ಹಣ ಕೊಡುತ್ತದೆ ಅಷ್ಟೇ, ಆರಿಸುವವರು ಸಂಸ್ಥೆಯವರು. ಅದಕ್ಕೇ ಮೊದಲ ಸಂದೇಶದಲ್ಲೇ 'ನನಗೆ ಮೆಂಟರ್ ಆಗ್ತೀರಾ' ಅಂತ ಕೇಳಬೇಡ. ಪರಿಚಯವಿಲ್ಲದವರ ಮನೆಗೆ ಹೋಗಿ ಹೊಸ್ತಿಲಲ್ಲೇ ಊಟ ಕೇಳಿದ ಹಾಗೆ ಆಗುತ್ತದೆ. 'ಇಲ್ಲಿ ಹೀಗಾಗುತ್ತಿದೆ, ನಾನು ಇಷ್ಟು ಮಾಡಿ ನೋಡಿದೆ, ಈ ಸಾಲಿನಲ್ಲಿ ನಿಂತಿದ್ದೇನೆ, ಎರಡು ದಾರಿ ಕಾಣುತ್ತಿದೆ, ಯಾವುದು ನಿಮಗೆ ಸರಿ?' ಅಂತ ಕೇಳು. ಅದಕ್ಕೆ ಎರಡು ನಿಮಿಷದಲ್ಲಿ ಉತ್ತರ ಕೊಡಬಹುದು. ಕೊಡುತ್ತಾರೆ ಕೂಡ. ಸಾಧ್ಯವಾದರೆ ಎಲ್ಲರೂ ಓದುವ ಕಡೆಯೇ ಕೇಳು. ಒಬ್ಬರಿಗೆ ಬಿಡುವಿಲ್ಲದಿದ್ದರೆ ಇನ್ನೊಬ್ಬರು ಹೇಳುತ್ತಾರೆ.

ಅವರ ಹೊತ್ತಿನ ಬೆಲೆ ಮನಸ್ಸಿನಲ್ಲಿರಲಿ, ಪುಟ್ಟಿ. ಗೂಗಲ್ ಅವರಿಗೆ ಸಂಬಳ ಕೊಡುವುದಿಲ್ಲ. ನನ್ನ ಮೆಂಟರ್ ಜರ್ಮನಿಯಲ್ಲಿದ್ದರು. ಮಗುವನ್ನು ಮಲಗಿಸಿ ರಾತ್ರಿ ಒಂಬತ್ತಕ್ಕೆ ಕೂರುತ್ತಿದ್ದರು. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ, ಇಲ್ಲಿ ಹನ್ನೆರಡೂವರೆ. ಜುಲೈನಲ್ಲಿ ಒಮ್ಮೆ ನಾನು ಒಂದು ಕಡೆ ಸಿಕ್ಕಿಬಿದ್ದೆ. ನಾಚಿಕೆಯಾಗಿ ಹತ್ತು ದಿನ ಏನೂ ಬರೆಯಲಿಲ್ಲ. ಎಲ್ಲ ಸರಿ ಮಾಡಿಯೇ ತೋರಿಸೋಣ ಅಂತ. ಹನ್ನೊಂದನೇ ದಿನ ಅವರೇ ಕೇಳಿದರು: 'ಆರೋಗ್ಯವಾಗಿದ್ದೀಯಾ? ಕೆಲಸ ಬಿಟ್ಟೆಯಾ?' ನಾನು ತೋರಿಸಿದ ತಪ್ಪನ್ನು ಅವರು ಇಪ್ಪತ್ತು ನಿಮಿಷದಲ್ಲಿ ಬಿಡಿಸಿದರು. ಹತ್ತು ದಿನ ಒಬ್ಬರಿಗೆ ಆತಂಕ ಕೊಟ್ಟೆನಲ್ಲ ಅನ್ನುವುದು ಇವತ್ತಿಗೂ ಚುಚ್ಚುತ್ತದೆ. ಸಿಕ್ಕಿಬಿದ್ದ ದಿನವೇ ಹೇಳಿಬಿಡು.

ನಿನ್ನ ಇಂಗ್ಲಿಷ್ ಬಗ್ಗೆ ಅಕ್ಕ ಹೇಳಿದಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ ಅಂತ ಹೆದರುತ್ತಿದ್ದೀಯಂತೆ. ನಾನೂ ಅದೇ ಶಾಲೆಯವನು. ನನ್ನ ಮೆಂಟರ್‌ಗೂ ಇಂಗ್ಲಿಷ್ ಮನೆಮಾತಲ್ಲ. ಚಿಕ್ಕ ಚಿಕ್ಕ ವಾಕ್ಯ ಬರಿ, ಒಂದು ವಾಕ್ಯಕ್ಕೆ ಒಂದೇ ವಿಷಯ. ಎಐಗೆ ಹೇಳಿ ಉದ್ದುದ್ದ ಅರ್ಜಿ ಬರೆಸಬೇಡ. ಒಂದೇ ಅಚ್ಚಿನಲ್ಲಿ ಹೊಯ್ದ ಅಂಥ ಅರ್ಜಿ ನಮ್ಮ ಮುಂದೆ ಬಂದಾಗ ಒಂದು ಪ್ರಶ್ನೆ ಕೇಳಿದರೆ ಸಾಕು, ಬರೆದವರಿಗೇ ಅದರಲ್ಲಿ ಏನಿದೆ ಅಂತ ಗೊತ್ತಿರುವುದಿಲ್ಲ. ನಿನ್ನ ಹರಕು ಇಂಗ್ಲಿಷ್‌ನಲ್ಲಿ ನಿನ್ನ ತಿಳಿವಳಿಕೆ ಇದ್ದರೆ ನಾನು ಅದನ್ನೇ ಆರಿಸುತ್ತೇನೆ.

ಅರ್ಜಿಯಲ್ಲಿ ಸೆಮಿಸ್ಟರ್ ಪರೀಕ್ಷೆಯನ್ನು ಮುಚ್ಚಿಡಬೇಡ. ಜೂನ್, ಜುಲೈನಲ್ಲಿ ಬರುತ್ತದೆ ಅಲ್ವಾ? ಈ ಎರಡು ವಾರ ಕೆಲಸ ಕಡಿಮೆ, ಆಮೇಲೆ ಹೀಗೆ ತುಂಬಿಕೊಡುತ್ತೇನೆ ಅಂತ ವಾರವಾರದ ಲೆಕ್ಕ ಬರಿ. ಒಂದಕ್ಕಿಂತ ಹೆಚ್ಚು ಅರ್ಜಿ ಹಾಕಬಹುದು, ಆದರೆ ಒಂದನ್ನೇ ಚೆನ್ನಾಗಿ ಬರೆಯುವುದು ನನಗೆ ಇಷ್ಟ. ದುಡ್ಡು ತೆಗೆದುಕೊಂಡು 'ಆಯ್ಕೆ ಗ್ಯಾರಂಟಿ' ಅನ್ನುವವರ ಹತ್ತಿರ ಹೋಗಲೇಬೇಡ.

ಇದೊಂದೇ ದಾರಿ ಅಂತಲೂ ತಿಳಿಯಬೇಡ. 2022ರಿಂದ ವಿದ್ಯಾರ್ಥಿಗಳೇ ಆಗಬೇಕೆಂದಿಲ್ಲ, 18 ತುಂಬಿದ ಹೊಸಬರು ಯಾರಾದರೂ ಬರಬಹುದು. ಅದರಿಂದ ಪೈಪೋಟಿ ಜಾಸ್ತಿ. ಔಟ್ರೀಚಿ ಅಂತ ಇನ್ನೊಂದಿದೆ, ಗ್ನೋಮ್ ಎಂಬ ಓಪನ್ ಸೋರ್ಸ್ ಬಳಗ ಹೆಣ್ಣುಮಕ್ಕಳನ್ನು ಓಪನ್ ಸೋರ್ಸ್‌ಗೆ ಕರೆತರಲು 2006ರಲ್ಲಿ ಮಾಡಿದ ಪ್ರಯತ್ನದಿಂದ ಬೆಳೆದದ್ದು. ಅಲ್ಲಿ ಆಯ್ಕೆಗೆ ಮೊದಲೇ ಒಂದಿಷ್ಟು ಕೆಲಸ ಮಾಡಿ ತೋರಿಸಲೇಬೇಕು. ನನಗೆ ಆ ನಿಯಮ ತುಂಬಾ ಹಿಡಿಸಿತು. ಅದರ ನಿಯಮಗಳನ್ನೂ ಒಮ್ಮೆ ಓದು.

ಈ ವಾರ ಒಂದೇ ಕೆಲಸ ಮಾಡು. ಟೆಸರಾಕ್ಟ್ ಹಾಕಿಕೊಂಡು ಆ ಹತ್ತು ಪುಟ ಓದಿಸು, ಸಿಕ್ಕ ತಪ್ಪುಗಳ ಪಟ್ಟಿ ಮಾಡು. ಭಾನುವಾರ ಸಂಜೆ ಏಳಕ್ಕೆ ಫೋನ್ ಮಾಡುತ್ತೇನೆ, ಒಟ್ಟಿಗೆ ನೋಡೋಣ. ಪುಸ್ತಕ ಯಾವುದು ಅಂದರೆ, ಅಕ್ಕನ ಬೀರುವಿನ ಕೆಳಗಿನ ಅರೆಯಲ್ಲಿ ತಾತನ ವ್ಯಾಕರಣದ ಪುಸ್ತಕ ಇದೆ, ಬೆನ್ನು ಕಿತ್ತುಹೋಗಿರುವುದು. ಹುಷಾರಾಗಿ ಬಿಡಿಸು, ಹಾಳೆ ತುಂಬಾ ಸವೆದಿದೆ.

ನಿನ್ನ ಪ್ರೀತಿಯ
ಮಾವ