ಮೇಜಿನ ಮೇಲೆ ಸೇವ್ ಬಟನ್ ಇಲ್ಲ

ಪ್ರೀತಿಯ ತಂಗಿಗೆ,

ನೀನು ಕಳಿಸಿದ ಕರಡನ್ನು ಎರಡು ಸಲ ಓದಿದೆ. ಅಣುಯುದ್ಧದ ನಂತರ ಪಾಳುಬಿದ್ದ ಲೋಕದಲ್ಲಿ ನಡೆಯುವ 1997ರ ‘ಫಾಲ್‌ಔಟ್’ ವಿಡಿಯೋ ಗೇಮನ್ನು ಗೆಳೆಯರ ಜೊತೆ ಕೂತು, ದಾಳ ಹಾಕಿ ಆಡುವ ಟೇಬಲ್‌ಟಾಪ್ ಆಟ ಮಾಡಲೇಬೇಕು ಅನ್ನುವ ನಿನ್ನ ಹಟ ನನಗೆ ತುಂಬ ಹಿಡಿಸಿತು. ಆದರೆ 84 ಪುಟಗಳಲ್ಲಿ 60 ಪುಟ ಬರೀ ಕೋಷ್ಟಕಗಳೇ ಇವೆ. ಬಂದೂಕಿಗೊಂದು, ಗುಂಡಿಗೊಂದು, ವಿಕಿರಣಕ್ಕೊಂದು, ಹೊರುವ ಭಾರಕ್ಕೊಂದು. ನೋಡಿ ಗಾಬರಿಯಾಯಿತು. ನಾನೂ ಒಂದು ಕಾಲಕ್ಕೆ ಇದನ್ನೇ ಮಾಡಿದ್ದೆ.

ನಮ್ಮ ಮನೆಯಲ್ಲಿ ಐದು ಜನ ಕೂತಿದ್ದೆವು. ಗೋಡೆಯ ಹಿಂದೆ ಒಬ್ಬ ದರೋಡೆಕೋರ ಅಡಗಿದ್ದಾನೆ, ಅವನಿಗೆ ಗುಂಡು ಹೊಡೆಯಬೇಕು. ದೂರಕ್ಕೆ ಇಷ್ಟು ಕಳೆ, ಕತ್ತಲೆಗೆ ಇಷ್ಟು ಕಳೆ, ಕೌಶಲದ ಶೇಕಡಾ ಕೂಡಿಸು, ಕವಚಕ್ಕೆ ಮತ್ತೆ ಕಳೆ. ಕ್ಯಾಲ್ಕುಲೇಟರ್ ಕೈಯಿಂದ ಕೈಗೆ ಹೋಯಿತು. ಎರಡು ಗುಂಡು ಹಾರುವಷ್ಟರಲ್ಲಿ ಅರ್ಧ ಗಂಟೆ ಕಳೆದು, ಒಬ್ಬರು ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತುಬಿಟ್ಟಿದ್ದರು. ಕಂಪ್ಯೂಟರ್ ಇದನ್ನೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ, ಹಾಗಾಗಿ ಅಲ್ಲಿ ಲೆಕ್ಕ ಭಾರವಾಗುವುದಿಲ್ಲ. ಮೇಜಿನ ಸುತ್ತ ಕೂತವರಿಗೆ ಭಾರವಾಗುತ್ತದೆ.

ನಿನಗೆ ಗೊತ್ತಿರಬಹುದು, ಈ ಆಟ ಹುಟ್ಟಿದ್ದೇ ಮೇಜಿನ ಮೇಲಿನಿಂದ. ಇಂಟರ್‌ಪ್ಲೇ ಕಂಪನಿಯಲ್ಲಿ ಟಿಮ್ ಕೇನ್ ಮತ್ತು ಜೊತೆಗಾರರು ಮೊದಲು ಕೆಲಸ ಶುರು ಮಾಡಿದ್ದು ಸ್ಟೀವ್ ಜಾಕ್ಸನ್ ಗೇಮ್ಸ್‌ನವರ ‘ಗರ್ಪ್ಸ್’ ಅನ್ನುವ ಟೇಬಲ್‌ಟಾಪ್ ನಿಯಮಗಳನ್ನು ಇಟ್ಟುಕೊಂಡು. ಆ ಒಪ್ಪಂದ ಮುರಿದುಬಿದ್ದ ಮೇಲೆ ಶಕ್ತಿ, ಗ್ರಹಿಕೆ, ಸಹನೆಯಿಂದ ಅದೃಷ್ಟದವರೆಗೆ ಏಳು ಗುಣಗಳ ‘ಸ್ಪೆಷಲ್’ ಪದ್ಧತಿಯನ್ನು ತಾವೇ ಕಟ್ಟಿಕೊಂಡರು. ಅಂದರೆ ನೀನು ಈ ಆಟವನ್ನು ತವರಿಗೆ ಕರೆತರುತ್ತಿದ್ದೀಯ. ಅಷ್ಟು ವರ್ಷ ಯಂತ್ರದ ಮನೆಯಲ್ಲಿದ್ದು ರೂಢಿಸಿಕೊಂಡದ್ದನ್ನೆಲ್ಲ ಹೊತ್ತು ತರಬೇಕಾಗಿಲ್ಲ.

ಬ್ರಿಟನ್ನಿನ ಮೊಡಿಫಿಯಸ್ ಸಂಸ್ಥೆ 2021ರಲ್ಲಿ ತಂದ ಅಧಿಕೃತ ‘ಫಾಲ್‌ಔಟ್’ ಟೇಬಲ್‌ಟಾಪ್ ಆಟವನ್ನು ಒಮ್ಮೆ ಸಾವಧಾನವಾಗಿ ನೋಡು. ಏಳು ಗುಣಗಳನ್ನು ಉಳಿಸಿಕೊಂಡು ಶೇಕಡಾ ಲೆಕ್ಕವನ್ನು ಕೈಬಿಟ್ಟಿದ್ದಾರೆ. ಇಪ್ಪತ್ತು ಮುಖದ ಎರಡು ದಾಳ ಹಾಕು, ಗುಣ ಮತ್ತು ಕೌಶಲ ಕೂಡಿದಾಗ ಬರುವ ಅಂಕಿಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಬಿದ್ದ ಪ್ರತಿ ದಾಳವೂ ಒಂದು ಗೆಲುವು. ಬೇಕಾದ್ದಕ್ಕಿಂತ ಹೆಚ್ಚು ಗೆಲುವು ಬಂದರೆ, ಮಿಕ್ಕದ್ದನ್ನು ಇಡೀ ಗುಂಪಿನ ಹುಂಡಿಗೆ ಹಾಕಬಹುದು. ಹುಂಡಿಯಲ್ಲಿ 6ರವರೆಗೆ ಉಳಿಸಬಹುದು, ಕಷ್ಟದಲ್ಲಿರುವ ಯಾರು ಬೇಕಾದರೂ ತೆಗೆದು ಹೆಚ್ಚಿನ ದಾಳ ಕೊಳ್ಳಬಹುದು. ನಾನು ತುಂಬ ಮೆಚ್ಚಿದ ಜಾಗ ಇದು. ಮೂಲ ಆಟ ಒಬ್ಬರೇ ಪರದೆಯ ಮುಂದೆ ಕೂತು ಆಡುವಂಥದ್ದು. ಮೇಜಿನ ಸುತ್ತ ಐದು ಜನ ಇರುತ್ತಾರೆ, ಒಬ್ಬರ ಅದೃಷ್ಟ ಇನ್ನೊಬ್ಬರಿಗೆ ಆಗಬೇಕು ಅಂತ ಯಾರೋ ಯೋಚಿಸಿದ್ದಾರೆ. ನಿನ್ನ ಕರಡಿನಲ್ಲಿ ಆ ಐದು ಜನ ನನಗೆ ಇನ್ನೂ ಕಾಣಲಿಲ್ಲ.

ಈಗ ನಿನ್ನ 31ನೇ ಪುಟ. ‘ಬೀಗ ತೆರೆಯದಿದ್ದರೆ ಏನೂ ಆಗುವುದಿಲ್ಲ’ ಅಂತ ಬರೆದಿದ್ದೀಯ. ದಯವಿಟ್ಟು ಆ ಸಾಲನ್ನು ಹೊಡೆದುಹಾಕು. ಕಂಪ್ಯೂಟರಿನಲ್ಲಿ ಸೋತರೆ ಹಳೆಯ ಸೇವ್ ತೆರೆದು ಮತ್ತೆ ಆಡುತ್ತೇವೆ. ಮೇಜಿನ ಮೇಲೆ ಆ ಬಟನ್ ಇಲ್ಲ, ಬಿದ್ದ ದಾಳ ಬಿದ್ದದ್ದೇ. ಆದ್ದರಿಂದ ಸೋಲಿನಲ್ಲೂ ಕಥೆ ಮುಂದೆ ಹೋಗಬೇಕು. ಬೀಗ ತೆರೆಯಲಿ, ಆದರೆ ರಾತ್ರಿಯಿಡೀ ಹಿಡಿಯಲಿ. ಮೂಲ ಆಟದಲ್ಲಿ 13ನೇ ವಾಲ್ಟಿನ, ಅಂದರೆ ನೆಲದಡಿಯ ಆಶ್ರಯತಾಣದ, ಜನಕ್ಕೆ ನೀರು ಶುದ್ಧಮಾಡುವ ಚಿಪ್ ತರಲು ಇರುವುದು 150 ದಿನ. ಆ ಗಡುವನ್ನು ನೀನು ಒಂದು ಅಡಿಟಿಪ್ಪಣಿಯಲ್ಲಿ ಬಚ್ಚಿಟ್ಟಿದ್ದೀಯಲ್ಲ! ದೊಡ್ಡ ಹಾಳೆಯಲ್ಲಿ ದಿನಕ್ಕೊಂದರಂತೆ 150 ಮನೆ ಗೀಚಿ ಗೋಡೆಗೆ ಅಂಟಿಸು. ಸೋತವರೇ ಎದ್ದು ಹೋಗಿ, ತಮ್ಮ ಕೈಯಾರೆ ಒಂದು ಮನೆಗೆ ಕಾಟು ಹಾಕಲಿ. ಬಾಯಾರಿ ಕೂತ ಜನ ಆ ಕೋಣೆಯೊಳಗೆ ಬಂದುಬಿಡುತ್ತಾರೆ, ನಿನ್ನ ನಿರ್ಜಲೀಕರಣದ ಕೋಷ್ಟಕ ಬೇಕಾಗುವುದೇ ಇಲ್ಲ.

ಶೇಡಿ ಸ್ಯಾಂಡ್ಸ್ ಹಳ್ಳಿಯ ಭಾಗವನ್ನು ಚೆನ್ನಾಗಿ ಬರೆದಿದ್ದೀಯ. ಕಥೆಯನ್ನು ಕ್ಯಾಲಿಫೋರ್ನಿಯಾದಲ್ಲೇ ಬಿಟ್ಟದ್ದೂ ಸರಿಯಾಯಿತು, ವೇಸ್ಟ್‌ಲ್ಯಾಂಡಿಗೆ ‘ಪಾಳುನೆಲ’ ಅಂದದ್ದು ಇನ್ನೂ ಚಂದ. ಆದರೆ ರಾಕ್ಷಸ ಚೇಳುಗಳ ಕಾಟಕ್ಕೆ ಎರಡೇ ದಾರಿ ಕೊಟ್ಟಿದ್ದೀಯ, ಕೊಲ್ಲುವುದು ಇಲ್ಲವೇ ಡೈನಮೈಟ್ ಇಟ್ಟು ಗುಹೆ ಮುಚ್ಚುವುದು. ಮೊದಲ ದಿನವೇ ಯಾರೋ ಕೇಳುತ್ತಾರೆ, “ಗುಹೆ ಬಾಯಲ್ಲಿ ಹೊಗೆ ಹಾಕಿದ್ರೆ?” ಆ ಪ್ರಶ್ನೆಗಾಗಿಯೇ ಜನ ಮೇಜಿಗೆ ಬರುವುದು. ಹಾಗಾಗಿ ದಾರಿಗಳನ್ನು ಪಟ್ಟಿ ಮಾಡಬೇಡ, ಚೇಳುಗಳ ಬಗ್ಗೆ ಬರೆ. ಎಲ್ಲಿ ಮಲಗುತ್ತವೆ, ಯಾವುದಕ್ಕೆ ಹೆದರುತ್ತವೆ, ಯಾವ ಹೊತ್ತಿಗೆ ಹೊರಗೆ ಬರುತ್ತವೆ. ಇಷ್ಟು ಗೊತ್ತಿದ್ದರೆ ಆಟ ನಡೆಸುವ ಗೇಮ್ ಮಾಸ್ಟರ್ ಉಳಿದದ್ದನ್ನು ನೋಡಿಕೊಳ್ಳುತ್ತಾರೆ.

ಕೊನೆಯಲ್ಲಿ ಬರುವ ಖಳನಾಯಕ ‘ಮಾಸ್ಟರ್’ನ ಭೇಟಿಗೂ ಇದೇ ಮಾತು. ಅವನು ಮನುಷ್ಯರನ್ನು ಬದಲಿಸಿ ಸೃಷ್ಟಿಸಿದ ಸೂಪರ್ ಮ್ಯೂಟಂಟ್‌ಗಳಿಗೆ ಸಂತಾನವಾಗುವುದಿಲ್ಲ ಅಂತ ಪುರಾವೆ ಸಮೇತ ತೋರಿಸಿ, ಮಾತಿನಲ್ಲೇ ಅವನನ್ನು ಸೋಲಿಸಬಹುದು. ವಿಡಿಯೋ ಗೇಮಿನಲ್ಲಿ ಆ ಮಾತುಗಳನ್ನು ಬೇರೆಯವರು ಬರೆದಿಟ್ಟಿದ್ದಾರೆ, ನಾವು ಆರಿಸಿ ಒತ್ತುತ್ತೇವೆ. ನಿನ್ನ ಮೇಜಿನಲ್ಲಿ ಆಟಗಾರ್ತಿಯೇ ಬಾಯಿಬಿಟ್ಟು ಹೇಳಬೇಕು. ತಾಳಮದ್ದಳೆಗೆ ಹೋದವಳು ನೀನು. ಭಾಗವತರು ಹಾಡುವ ಪದ್ಯ ಎಲ್ಲರಿಗೂ ಬಾಯಿಪಾಠ, ಆದರೂ ಅರ್ಥಧಾರಿ ಇವತ್ತು ಏನು ಹೇಳುತ್ತಾರೆ ಅಂತ ಜನ ಬೆಳಗಿನವರೆಗೂ ಕೂರುವುದಿಲ್ಲವೇ? ನಾಲ್ಕು ಪುಟದ ಆ ಸಂಭಾಷಣೆಯನ್ನು ತೆಗೆದುಬಿಡು. ಮಾಸ್ಟರಿಗೆ ಏನು ಬೇಕು, ಅವನು ಏನನ್ನು ನಂಬಿದ್ದಾನೆ, ಯಾವ ಪುರಾವೆ ಕಂಡರೆ ನಡುಗುತ್ತಾನೆ ಅಂತ ಮೂರು ವಾಕ್ಯ ಬರೆ. ನಿನಗೆ ಕಷ್ಟವಾಗುತ್ತದೆ, ಗೊತ್ತು. ಆ ಸಂಭಾಷಣೆ ನೀನು ಬರೆದದ್ದರಲ್ಲೇ ಒಳ್ಳೆಯದು.

ಕೋಷ್ಟಕಗಳು 6 ಪುಟಕ್ಕೆ ಇಳಿದ ಮೇಲೆ ಒಂದು ಭಾನುವಾರ ಬಾ. ಇಪ್ಪತ್ತು ಮುಖದ ದಾಳ ನನ್ನ ಹತ್ತಿರ ಎಂಟು ಇವೆ. ಬಾಲ್ಕನಿಗೆ ಎದ್ದು ಹೋದವರನ್ನೂ ಕರೆಯುತ್ತೇನೆ. 150 ಮನೆಯ ಹಾಳೆ ನೀನೇ ಗೀಚಿ ತಾ.

ನಿನ್ನ ಅಣ್ಣ