ಭಾಷಣಕ್ಕೆ ಎಲ್ಲರೂ, ಮೇಜಿನ ಹಿಂದೆ ಯಾರೂ ಇಲ್ಲ

ಸಂಪಾದಕರಿಗೆ,

ಜೂನ್ 5ರ ಪರಿಸರ ದಿನಾಚರಣೆ ಅದ್ದೂರಿಯಾಗಿ ನಡೆಯಿತೆಂದು ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಅದೇ ಹೊತ್ತಿಗೆ ಅದು ನಡೆದ ಸರ್ಕಾರಿ ಕಟ್ಟಡದ ಜಗಲಿಯಲ್ಲಿ ನಾನು ಅಕ್ಕನ ಮಗಳ ಜೊತೆ ಮೂರು ಗಂಟೆ ಕೂತಿದ್ದೆ. ಅವಳಿಗೆ ಇಪ್ಪತ್ತೆಂಟು ವರ್ಷ, ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಕ್ಕೆ ಸಿಕ್ಕಿದವಳು, ನಡೆಯಲಾರಳು, ಎತ್ತಿಕೊಂಡೇ ಹೋಗಬೇಕು. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲದಿಂದ ಜಡಿಮಳೆಯಲ್ಲಿ ಆಟೋ ಮಾಡಿಕೊಂಡು ಹೋದದ್ದು ಅವಳ ಅರ್ಜಿಗೆ ಬೇಕಾದ ಒಂದು ಸಹಿಗಾಗಿ. ಸಹಿ ಹಾಕುವವರು ಸಭೆಯಲ್ಲಿ. ಒಳಗೆ ಮೈಕಿನಲ್ಲಿ ವಿಶ್ವಸಂಸ್ಥೆ, ವಿಷ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದ, ಭೂಮಿ ಉಳಿಸಿ. ಕೊನೆಗೆ ಒಬ್ಬರು ಬಂದು, "ನಾಳೆ ಬನ್ನಿ" ಎಂದರು. ಆಟೋದ ಬಾಡಿಗೆ ಅವರು ಕೊಡುತ್ತಾರೆಯೇ?

ಅವರು ಹೆಸರೆತ್ತಿದ ಆ ಒಪ್ಪಂದ ಎಣ್ಮಕಜೆ, ಬೆಳ್ಳೂರು, ಮುಳಿಯಾರಿನವರಿಗೆ ಹೊಸತಲ್ಲ. ಗೇರುತೋಟದ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಮದ್ದು ಬಿಡುವುದು 2000ದ ತನಕ ನಡೆಯಿತು. ಬಾವಿ ಮುಚ್ಚಿಕೊಳ್ಳಿ ಎನ್ನುತ್ತಿದ್ದರು. ಹರಿಯುವ ತೋಡನ್ನು ಮುಚ್ಚುವುದು ಯಾವುದರಿಂದ? 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅಲ್ಲಿ ಮೊದಲು ತಕರಾರು ತೆಗೆದದ್ದು ನಮ್ಮದೇ ದೇಶ. ಒಪ್ಪಿದ ಮೇಲೂ ಕೆಲವು ಬೆಳೆಗಳಿಗೆ ವರ್ಷಗಳ ವಿನಾಯಿತಿ ಬೇಕಾಯಿತು. ಎರಡೇ ವಾರದಲ್ಲಿ ಸುಪ್ರೀಂ ಕೋರ್ಟೇ ಅದರ ಬಳಕೆ ತಡೆಯಬೇಕಾಯಿತು.

ವಿಷ ನಿಲ್ಲಿಸಲು ಜಿನೀವಾದ ಆ ಸಭೆ ಬೇಕಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿಷ ಕುಡಿದವರ ಪಾಡು ಜಿನೀವಾದಿಂದ ಯಾರೂ ಬಂದು ನೋಡುವುದಿಲ್ಲ. ಅದು ಇಲ್ಲಿನವರ ಕೆಲಸ. ಇಲ್ಲಿನವರು ಮಾಡಿದ್ದೇನು? ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ ಐದು ಲಕ್ಷ ಪರಿಹಾರ ಕೊಡಿ ಎಂದು ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರಲ್ಲಿ ಮತ್ತೆ ಕೇಳಿದಾಗ 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಎಂಟು ಮಂದಿಗೆ!

ಇನ್ನು ಅರ್ಜಿಯ ಮಾತು. ಆ ದಿನ ಕೈಗಿತ್ತ ಫಾರಂ ಪೂರ್ತಿ ಮಲಯಾಳದಲ್ಲಿತ್ತು. ಭಾಷಾ ಅಲ್ಪಸಂಖ್ಯಾತರಿಗೆ ಕನ್ನಡದಲ್ಲಿ ಕೊಡಬೇಕೆಂದು ನಾವು ಕೇಳುತ್ತಿರುವುದು ಇಂದು ನಿನ್ನೆಯಿಂದಲ್ಲ. ನನ್ನ ಅಕ್ಕ ಕನ್ನಡ ಶಾಲೆಯಲ್ಲಿ ಐದನೇ ತರಗತಿ ಓದಿದವಳು. ಮಗಳ ಕಾಯಿಲೆ ಏನೆಂದು ಬರೆಯಲು ಅವಳು ಪಕ್ಕದ ಅಂಗಡಿಯವರ ಕಾಲು ಹಿಡಿಯಬೇಕೇ?

ಮೇಲಧಿಕಾರಿಗಳು ಇದಕ್ಕೆ ಉತ್ತರ ಕೊಡಲಿ. ಕನ್ನಡದಲ್ಲಿ ಫಾರಂ ಕೊಡಲಿ, ಮನೆಗೇ ಬಂದು ಸಹಿ ಹಾಕಲಿ. ಅದೂ ಆಗದಿದ್ದರೆ ಸಭೆಯ ದಿನ ಒಬ್ಬರನ್ನಾದರೂ ಮೇಜಿನ ಹಿಂದೆ ಕೂರಿಸಲಿ. ನಾಚಿಕೆಯಾಗಬೇಕು ಇವರಿಗೆ.

— ನೊಂದ ಓದುಗ, ಪೆರ್ಲ